ತಮ್ಮದೇ ಆದೇಶವನ್ನು ತಿದ್ದಿದ ರೋಸ್ಲಿನ್ ಟ್ರೆಲೋರ್

ದಕ್ಷಿಣ ಆಸ್ಟ್ರೇಲಿಯದಲ್ಲಿ ಅನಿಲ ಕೊಳವೆಮಾರ್ಗಗಳ ಸೇವೆ ಮತ್ತು ದರಗಳ ನಿಯಂತ್ರಣವೆಂಬ, ಹೊರಗಿನವರಿಗೆ ತೀರ ನೀರಸವೆಂದು ತೋರುವ ಕ್ಷೇತ್ರದಲ್ಲಿ, ಶ್ರೀಮತಿ ರೋಸ್ಲಿನ್ ಟ್ರೆಲೋರ್ ಅವರ ಹೆಸರನ್ನು ಗೌರವವಿಲ್ಲದೆ ಉಚ್ಚರಿಸುವವರು ವಿರಳ. ಆಡಿಲೇಡಿನ ಉತ್ತರದ ಬಯಲಿಗೆ ಅನಿಲ ತರುವ ಕವಲು ಕೊಳವೆ ಒಂದೇ, ಅದರ ಒಡೆಯರೂ ಒಬ್ಬರೇ. ಬೇರೆ ದಾರಿಯಿಲ್ಲದ ಗಿರಾಕಿ ಅವರು ಕೇಳಿದಷ್ಟನ್ನು ತೆರಬೇಕಾಗುತ್ತದೆ. ಎಷ್ಟು ಕೇಳಬಹುದೆಂದು ನಿಷ್ಕರ್ಷಿಸುವ ದರ ನಿಗಾ ಮಂಡಳಿಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ಅವರೀಗ ನಿವೃತ್ತರಾಗುತ್ತಿದ್ದಾರೆ.

ಕೊಳವೆ ಬೆಸೆಯುವ ಕೆಲಸಗಾರನ ಮಗಳಾದ ರೋಸ್ಲಿನ್ 1993ರಲ್ಲಿ ಕಿರಿಯ ಗುಮಾಸ್ತೆಯಾಗಿ ಮಂಡಳಿಯನ್ನು ಸೇರಿದರು. ಕಂಪನಿಗಳು ಸಲ್ಲಿಸುವ ಸಾವಿರ ಪುಟಗಳ ಅರ್ಜಿಗಳನ್ನು ಕಡೆಯ ಪುಟದಿಂದ ಹಿಂದಕ್ಕೆ ಓದುವುದು ಅವರ ರೂಢಿ. ಮುಚ್ಚಿಡಬೇಕಾದದ್ದನ್ನೆಲ್ಲ ಅನುಬಂಧದಲ್ಲಿ ಇಟ್ಟಿರುತ್ತಾರೆಂಬುದು ಅವರ ಅನುಭವ. ಹೊಸದಾಗಿ ಸೇರಿದ್ದ ಸ್ತಾವ್ರೋಸ್ ಕಾಂಡಿಲಾಸ್ ಅವರ ತಂದೆ ಆಸ್ಪತ್ರೆಯಲ್ಲಿದ್ದ ಮೂರು ವಾರ ಅವರ ಪಾಲಿನ ವರದಿಯನ್ನು ರೋಸ್ಲಿನ್ ತಾವೇ ಬರೆದು, ಅದರ ಮೇಲೆ ಸ್ತಾವ್ರೋಸ್ ಹೆಸರನ್ನೇ ಹಾಕಿ ಕಳಿಸಿದ್ದನ್ನು ಆ ಗ್ರೀಕ್ ಕುಟುಂಬ ಇಂದಿಗೂ ಮರೆತಿಲ್ಲ.

2006ರಲ್ಲಿ ಕೊಳವೆಯ ಕಂಪನಿ ದರವೇರಿಕೆ ಕೇಳಿತು. ಅನಿಲವನ್ನು ಒತ್ತಿ ಮುಂದೂಡುವ ಹಳೆಯ ಯಂತ್ರವನ್ನು ಬದಲಿಸುವ ವೆಚ್ಚವೂ ಅದರಲ್ಲಿ ಸೇರಿತ್ತು. ಯಂತ್ರ ಇನ್ನೂ ಆರು ವರ್ಷ ಬಾಳುತ್ತದೆಂದು, ಅಷ್ಟರಲ್ಲಿ ಅರ್ಜಿಗಳ ಪರೀಕ್ಷಕರಾಗಿದ್ದ ರೋಸ್ಲಿನ್ ಆ ವೆಚ್ಚವನ್ನು ಹೊಡೆದುಹಾಕಿ ದರವನ್ನು ಇಳಿಸಿದರು. ಪತ್ರಿಕೆಗಳು ಹೊಗಳಿದವು.

ಯಂತ್ರ ಬಾಳಿದ್ದು ಎರಡೇ ವರ್ಷ. 2008ರ ಜುಲೈನಲ್ಲಿ, ಅಲ್ಲಿನ ನಡುಚಳಿಗಾಲದ ಒಂದು ಮುಂಜಾನೆ, ಅದು ನಿಂತಿತು. ಕೊಳವೆಯ ಒತ್ತಡ ಕುಸಿದು, ಗಾಜಿನಮನೆಗಳನ್ನು ಬೆಚ್ಚಗಿಡುವ ಬಾಯ್ಲರುಗಳು ಆರಿದವು. ವಿಯೆಟ್ನಾಮಿನಿಂದ ಬಂದು ಆ ಬಯಲಿನಲ್ಲಿ ನೆಲೆ ಕಂಡಿದ್ದ ಬೆಳೆಗಾರರ ಸೌತೆ, ಟೊಮೆಟೊ ಬಳ್ಳಿಗಳು ಎರಡು ದಿನಗಳಲ್ಲಿ ಕಪ್ಪಾಗಿ ಜೋತುಬಿದ್ದವು.

"ರಿಪೇರಿ ಕಂಪನಿ ಜವಾಬ್ದಾರಿ. ಕಾನೂನೇ ಹಾಗನ್ನುತ್ತೆ. ನೀವ್ಯಾಕೆ ತಲೆ ಕೆಡಿಸ್ಕೋತೀರಿ?" ಎಂದರು ಸ್ತಾವ್ರೋಸ್.

ರೋಸ್ಲಿನ್ ಹಳೆಯ ಕಡತವನ್ನು ತರಿಸಿದರು. ಯಂತ್ರ ಮುಂದಿನ ಚಳಿಗಾಲಗಳನ್ನು ತಡೆಯಲಾರದೆಂದು ಕಂಪನಿಯ ಎಂಜಿನಿಯರರೊಬ್ಬರು ಬರೆದಿದ್ದ ಪತ್ರ ಅಲ್ಲಿತ್ತು. ಅಂಚಿನಲ್ಲಿ ರೋಸ್ಲಿನ್ ಅವರದೇ ಕೈಬರಹದಲ್ಲಿ ಒಂದೇ ಪದವಿತ್ತು: 'ಉತ್ಪ್ರೇಕ್ಷೆ'. ಕಂಪನಿಗಳು ಯಾವಾಗಲೂ ಉಬ್ಬಿಸಿ ಹೇಳುತ್ತವೆಂಬ ಅನುಭವವೇ ಆ ಒಂದು ಸಲ ಅವರ ಕಣ್ಣು ಕಟ್ಟಿತ್ತು.

ಆದೇಶವನ್ನು ಮರುವಿಚಾರಣೆಗೆ ತೆಗೆದುಕೊಳ್ಳಬೇಕೆಂದು ಅವರು ಕೇಳಿದಾಗ ಅಂದಿನ ಅಧ್ಯಕ್ಷರು ಬೆರಗಾದರು. "ಯಾರೂ ನಿನ್ನ ಕಡೆ ಬೆರಳು ತೋರಿಸ್ತಿಲ್ಲ, ರೋಸ್. ಸುಮ್ಮನೆ ಮೈಮೇಲೆ ಎಳ್ಕೋಬೇಡ."

"ತೋರಿಸ್ಲಿ ಅಂತ ಕಾಯ್ಕೊಂಡು ಕೂರಕ್ಕಾಗಲ್ಲ. ಮುಂದಿನ ಜುಲೈ ಬಂದೇ ಬರುತ್ತೆ."

ಮುಂದಿನ ಭಾನುವಾರ ಅವರು ಬೆಳೆಗಾರರ ಸಂಘದ ಸಭಾಂಗಣಕ್ಕೆ ಹೋಗಿ, ಯಂತ್ರದ ವೆಚ್ಚವನ್ನು ಕತ್ತರಿಸಿದವಳು ತಾನೇ ಎಂದೂ, ಹೊಸ ಯಂತ್ರ ಬರಬೇಕಾದರೆ ದರ ಏರಲೇಬೇಕೆಂದೂ ತಿಳಿಸಿದರು. ಇಡೀ ಬೆಳೆಯನ್ನು ಕಳೆದುಕೊಂಡಿದ್ದ ಲುವಾಂಗ್ ವಾನ್ ಖೋವಾ ಎಂಬ ಹಿರಿಯರು ಎದ್ದುನಿಂತರು.

"ಅಲ್ಲಮ್ಮ, ತಪ್ಪು ನಿಮ್ಮದು. ದುಡ್ಡು ನಮ್ಮದಾ?"

"ಹೌದು. ಅದನ್ನ ಕಾಗದದಲ್ಲಿ ಬರೆದು ಕಳಿಸೋಕೆ ಮನಸ್ಸಾಗಲಿಲ್ಲ. ಅದಕ್ಕೇ ಬಂದೆ." ಎಂದರು ರೋಸ್ಲಿನ್. "ಆದ್ರೆ ಹೊಸ ಯಂತ್ರ ಓಡೋವರೆಗೂ ಏರಿಕೆ ಇಲ್ಲ. ಆಮೇಲೂ ಅನಿಲ ನಿಂತ ದಿನಕ್ಕೆ ನೀವು ಕೊಳವೆ ಬಾಡಿಗೆ ಕೊಡಬೇಕಿಲ್ಲ. ಬೆಳೆ ಹೋದ್ರೆ ಕಂಪನಿನೇ ತುಂಬಿಕೊಡಬೇಕು. ಹಾಗಂತ ಆದೇಶದಲ್ಲೇ ಬರೀತೀನಿ."

ಹಿಂದಿನ ಸಾಲಿನ ಐದಾರು ಜನ ಎದ್ದು ಹೊರನಡೆದರು. ಖೋವಾ ನಿಂತೇ ಇದ್ದರು. "ಈ ದೇಶಕ್ಕೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಆಫೀಸಿನೋರು ತಪ್ಪಾಯ್ತು ಅಂದಿದ್ದು ಇವತ್ತೇ ಕೇಳಿದ್ದು. ಬನ್ನಿ, ನೂಡಲ್ಸ್ ಸಾರು ಆರ್ತಾ ಇದೆ. ಒಪ್ಪಿದೆ ಅಂತಲ್ಲ ಮತ್ತೆ, ಊಟದ ಹೊತ್ತು ಅಂತ ಕರೀತಿದ್ದೀನಿ."

ಎರಡು ಕುಟುಂಬಗಳು ಆ ವರ್ಷವೇ ಗಾಜಿನಮನೆಗಳನ್ನು ಮಾರಿ ಹೋದವು. ಆ ನೋವನ್ನು ರೋಸ್ಲಿನ್ ಎಂದೂ ಮರೆಮಾಚಿಲ್ಲ. ಅವರಿಗೆ ಬರಬೇಕಿದ್ದ ಬಡ್ತಿ ನಾಲ್ಕು ವರ್ಷ ತಡವಾಯಿತು. ಮುಖ್ಯ ಪರೀಕ್ಷಕರಾದದ್ದು 2012ರಲ್ಲಿ. ಆದರೆ ಅವರು ಬರೆದ ಷರತ್ತುಗಳು ಒಂದಕ್ಷರವೂ ಬದಲಾಗದೆ ಜಾರಿಗೆ ಬಂದು, ಅನಂತರದ ಚಳಿಗಾಲಗಳಲ್ಲಿ ಆ ಬಯಲಿನ ಬಾಯ್ಲರುಗಳು ಒಮ್ಮೆಯೂ ಆರಿಲ್ಲ.

ವಿಶ್ರಾಂತಿ ಅವರ ಜಾಯಮಾನವಲ್ಲ. ಬೆಳೆಗಾರರ ಸಂಘ ತನ್ನ ಪರವಾಗಿ ಮಂಡಳಿಯ ಮುಂದೆ ವಾದಿಸಲು ಅವರನ್ನೇ ಆಹ್ವಾನಿಸಿದೆ. ಆ ವಾದವನ್ನು ಕೇಳಿ ತೀರ್ಮಾನಿಸಬೇಕಾದವರು, ಅವರ ಸ್ಥಾನಕ್ಕೆ ಬರುತ್ತಿರುವ ಸ್ತಾವ್ರೋಸ್. ಹಿರಿಯರಾದ ರೋಸ್ಲಿನ್ ಅವರಿಗೆ ದೀರ್ಘಾಯುಷ್ಯವೂ, ಕಡೆಯ ಪುಟದಿಂದ ಓದುವ ಕಣ್ಣುಗಳಿಗೆ ಕುಂದದ ಬೆಳಕೂ ಇರಲೆಂದು ಸಹೋದ್ಯೋಗಿಗಳೆಲ್ಲರ ಹಾರೈಕೆ. ಮೊದಲ ವಿಚಾರಣೆ ಮಾರ್ಚಿನಲ್ಲಿದೆ. "ಸರಿಯಾಗಿ ಓದ್ಕೊಂಡು ಬಾ, ನಮ್ಮೋಳು ಅಂತ ಬಿಟ್ಟುಕೊಡೋದು ಬೇಡ" ಎಂದು ರೋಸ್ಲಿನ್ ಸ್ತಾವ್ರೋಸ್‌ಗೆ ಆಗಲೇ ಹೇಳಿಟ್ಟಿದ್ದಾರೆ.