ಅಳಿಯನಿಗೆ ಕೊಯ್ಯದ ಬಾತು

ನೆಂಟರು ಬಂದರೆ ನಮ್ಮ ಮನೆಯಲ್ಲಿ ಕೊಯ್ಯುತ್ತಿದ್ದದ್ದು ಗುಂಪಿನ ದೊಡ್ಡ ಬಾತುಕೋಳಿಯನ್ನೇ. ಅದು ಮರ್ಯಾದೆಯ ವಿಷಯ. ಹಾಗಾಗಿ ಮರಿ ಮಾಡಿಸಲು ಉಳಿಯುತ್ತಿದ್ದವು ಯಾರ ಕಣ್ಣಿಗೂ ಬೀಳದ ಸಣ್ಣವು. ವರ್ಷದಿಂದ ವರ್ಷಕ್ಕೆ ಬಾತುಗಳು ಬಡಕಲಾಗುತ್ತಿದ್ದದ್ದಕ್ಕೆ ಅಮ್ಮ ಗದ್ದೆಗೆ ಹೊಡೆಯುವ ಔಷಧಿಯನ್ನು ದೂರುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ಪದವಿ ಮುಗಿಸಿ ಆಲೂರಿನ ಕಡೆಯ ನಮ್ಮೂರಿಗೆ ಮರಳಿದ ಮೇಲೆ, ನಾನು ಮರಿಗಳನ್ನು ನಮ್ಮ ಕಾಫಿ ಬೀಜ ಕೂಡಿಡುವ ಸ್ಟೋರಿನ ತಕ್ಕಡಿಯಲ್ಲಿ ತೂಗತೊಡಗಿದೆ. ಒಟ್ಟಿಗೆ ಹುಟ್ಟಿದ ಮರಿಗಳು, ಒಂದೇ ತವುಡು, ಒಂದೇ ಗದ್ದೆ. ಆದರೂ ಒಂದು ಗಂಡು ಉಳಿದವಕ್ಕಿಂತ ಬೇಗ ಬೆಳೆಯಿತು. ಬರಿಯ ಕೊಬ್ಬಲ್ಲ, ಎದೆ ಮುಟ್ಟಿದರೆ ಮೂಳೆಯ ಎರಡೂ ಬದಿ ಮಾಂಸ ಕೈಗೆ ಸಿಗುತ್ತಿತ್ತು. ಅದರ ಕಾಲಿಗೆ ಕೆಂಪು ದಾರ ಕಟ್ಟಿದೆ. ಜೊತೆಗೆಂದು ಆನೇಮಹಲ್ ಕಡೆಯಿಂದ ಬೇರೆ ಗುಂಪಿನ, ಮೈತುಂಬಿದ ಹೆಣ್ಣು ಬಾತುಗಳನ್ನು ತಂದೆ.

ಅವು ಮೊಟ್ಟೆಗೆ ಬರುವ ಮೊದಲೇ ಹೆತ್ತೂರಿನಿಂದ ಅಕ್ಕನ ಗಂಡ ಬಂದರು. ಅಮ್ಮ ಕತ್ತಿ ಹಿಡಿದು ಹಿತ್ತಲಿಗೆ ನಡೆದಳು.

"ಆ ಕೆಂಪು ದಾರದ್ದು ಹಿಡ್ಕಂಬಾ."

"ಅದು ಬ್ಯಾಡ ಕಣಮ್ಮ. ಮರಿಗೆ ಅಂತ ಇಟ್ಟಿರಾದು."

"ಮನೆ ಅಳಿಯ ಬಂದವ್ರೆ. ಪೀಚು ಬಾತು ಕುಯ್ದು ಬಡಿಸಾದಾ?"

"ಸಣ್ಣವು ಎರಡು ಕುಯ್ಯಿ."

"ನಿನ್ ಮದ್ವೆಗಿಂತ ಮುಂಚೆ ಅದುಕ್ಕೆ ಮದ್ವೆ ಮಾಡ್ತೀಯೇನೇ?"

"ಹೂಂ. ಅದುಕ್ಕೆ ಹೆಣ್ಣು ಗೊತ್ತಾಗೈತೆ."

ನಾನು ಗೂಡಿನ ಬಾಗಿಲಿಗೆ ಅಡ್ಡ ನಿಂತೆ. ಇದೊಂದು ಹೋದರೆ ಮತ್ತೆ ಸಣ್ಣವುಗಳಿಂದಲೇ ಶುರು ಮಾಡಬೇಕಿತ್ತು. ಅಮ್ಮ ಗೊಣಗುತ್ತಲೇ ಎರಡು ಸಣ್ಣವನ್ನು ಹಿಡಿದಳು.

ಕಡುಬಿನ ಮೇಲೆ ಸಾರು ಬಿಡುತ್ತಾ ಅವಳು ಭಾವನಿಗೆ ದೂರು ಹೇಳಿಯೇಬಿಟ್ಟಳು. "ದೊಡ್ಡದೊಂದು ಇತ್ತು. ಇವ್ಳು ಬುಡ್ಲಿಲ್ಲ."

"ಇರ್ಲಿ ಬುಡಿ ಅತ್ತೆ, ಮೂಳೆ ಕಡಿಯಾಕೆ ಹಲ್ಲು ಅವೆ," ಎಂದು ಭಾವ ನನ್ನತ್ತ ತಿರುಗಿದರು. "ಮುಂದ್ಲ ಸಲ ಮಾತ್ರ ಅದ್ನ ಬುಡಾಕಿಲ್ಲ ಕಣವ್ವ."

"ಅದ್ನಲ್ಲ ಭಾವ. ಅದ್ರ ಮಕ್ಳನ್ನ ಬಡಿಸ್ತೀನಿ."

ಬಾತು ಕಾವು ಕೂರುವುದನ್ನು ನಂಬುವಂತಿಲ್ಲ. ಮೊಟ್ಟೆಗಳನ್ನು ನಾಟಿ ಕೋಳಿಯ ಕೆಳಗಿಟ್ಟೆ. ಹುಟ್ಟಿದವೆಲ್ಲ ಅಪ್ಪನಂತಾಗಲಿಲ್ಲ, ಆಗುತ್ತವೆಂದು ನಾನೂ ಎಣಿಸಿರಲಿಲ್ಲ. ಆದರೆ ಅವುಗಳಲ್ಲಿ ಹಿಂದೆ ಬಿದ್ದದ್ದೂ ನಮ್ಮ ಹಳೆಯ ಬಾತುಗಳಿಗಿಂತ ತೂಕವಿತ್ತು.

ಮರುವರ್ಷ ಭಾವ ಬಂದಾಗ ಅಮ್ಮ ಕತ್ತಿ ಹಿಡಿದು ಗೂಡಿನ ಮುಂದೆ ನಿಂತಳು. ಕೈ ಅಭ್ಯಾಸದಂತೆ ಎಲ್ಲಕ್ಕಿಂತ ದೊಡ್ಡ ಮರಿಯತ್ತ ಹೋಯಿತು, ಅಲ್ಲೇ ನಿಂತಿತು.

"ಯಾವ್ದು ಕುಯ್ಯಾದು, ಯಾವ್ದು ಮರಿಗೆ ಇಕ್ಕಳಾದು, ತೋರ್ಸು ಬಾ," ಎಂದಳು.