ಉಮರ್ಗಾದ ಟಾಕೀಜಿನಿಂದ ನಾವೆಲ್ಲ ಓಡಿದ್ದು

ಹೋದ ವಾರ ಉಮರ್ಗಾದಲ್ಲೊಂದು ಮದುವೆಗೆ ಹೋಗಿದ್ದೆ. ಅಕ್ಷತೆ ಮುಗಿದಿತ್ತು, ಊಟಕ್ಕೆ ಇನ್ನೂ ಕರೆದಿರಲಿಲ್ಲ. ಹಸಿದು ಆಕಳಿಸುತ್ತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾಗ ಹುಡುಗರು ಡೀಜೆ ಹಚ್ಚಿದರು. ಸದ್ದು ಕಿವಿಗೆ ಬಂದದ್ದು ಆಮೇಲೆ. ಮೊದಲು ಕುರ್ಚಿಯ ಕಾಲು ನಡುಗಿತು, ಆ ನಡುಕ ನನ್ನ ಬೆನ್ನಿಗೇರಿತು, ಹಲ್ಲು ಜುಮ್ಮೆಂದಿತು. ನಾನು ಎದ್ದೇ ಬಿಟ್ಟೆ. ಆಗ ನೆನಪಾಯಿತು, ಈ ಮಂಗಲ ಕಾರ್ಯಾಲಯ ಮೊದಲು ಟಾಕೀಜು! ವಧೂವರರು ಕೂತಿದ್ದ ಕಡೆ ಪರದೆ ಇತ್ತು. ಇದೇ ಛತ್ತಿನ ಕೆಳಗೆ ಹಿಂದೊಮ್ಮೆಯೂ ಹೀಗೇ ಎದ್ದಿದ್ದೆ. ಎದ್ದದ್ದಷ್ಟೇ ಅಲ್ಲ, ಓಡಿದ್ದೆ. ನಿಮ್ಮ ಮುಂದೆ ಹೇಳಲು ನಾಚಿಕೆಯೇನು, ನಾನೊಬ್ಬನೇ ಓಡಿದ್ದಲ್ಲವಲ್ಲ.

ನನ್ನ ಸೋದರತ್ತೆ ಗುರುಬಾಯಿಯನ್ನು ಸಾಸ್ತೂರಕ್ಕೆ ಕೊಟ್ಟಿದ್ದಾರೆ. ನಮ್ಮದು ಮುರುಮ, ಅಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಅತ್ತೆಯ ಮನೆಯಲ್ಲಿ ಬಿತ್ತನೆಯಿಂದ ಹಿಡಿದು ಎಮ್ಮೆ ಮಾರುವ ತನಕ ಆಕೆಯ ಮಾತೇ ಕಡೆಯದು. ತಲೆ ನರೆತ ಮಗ ಇವತ್ತಿಗೂ ಏನು ಕೇಳಿದರೂ "ಆಯಿಗಿ ಕೇಳಿ ಹೇಳ್ತೀನ್ರಿ" ಅನ್ನುತ್ತಾನೆ. ಮೊಮ್ಮಕ್ಕಳಿಗೂ ಆಕೆ ಆಯಿಯೇ. ನಮ್ಮ ಭಾಗದ ಊರೂರನ್ನೇ ಕೆಡವಿದ ತೊಂಬತ್ಮೂರರ ಭೂಕಂಪದಲ್ಲಿ ಅತ್ತೆ ಕಿರಿಯ ಮಗಳನ್ನು ಕಳೆದುಕೊಂಡಳು. ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆ ಅದು. ಮಿಲಿಟರಿಯವರು ಅಗೆದು ತೆಗೆದಾಗ ತಾಯಿಗೆ ಉಸಿರಿತ್ತು, ಮಗುವಿಗಿರಲಿಲ್ಲ. ಆಮೇಲೆ ಎಲ್ಲರ ಹಾಗೆ ಸಿಮೆಂಟಿನ ಹೊಸ ಮನೆ ಸಿಕ್ಕಿತು. ಅದರೊಳಗೆ ಜೋಳದ ಚೀಲ ಇಟ್ಟಳು, ಟೀವಿ ಇಟ್ಟಳು, ಸೊಸೆಯನ್ನಿಟ್ಟಳು, ತಾನು ಮಾತ್ರ ಅಂಗಳದ ತಗಡಿನ ಶೆಡ್ಡಿನಲ್ಲೇ ಮಲಗುತ್ತಾಳೆ. ಆ ಕಡೆ ಅವಳ ವಯಸ್ಸಿನವರು ಅನೇಕರು ಹಾಗೇ. ಹೊಸ ಸೊಸೆ ಮನೆಗೆ ಬಂದರೆ ಮೊದಲು ಹೇಳಿಕೊಡುವುದು ಇದನ್ನೇ: ನೆಲ ಗುಂಯ್ ಅಂದರೆ ಚಪ್ಪಲಿ ಹುಡುಕಬೇಡ, ಹಿಂದೆ ನೋಡಬೇಡ, ಗೋಡೆ ಬಿಟ್ಟು ಬಯಲಿಗೆ ಬಾ.

ಇಂಥ ಅತ್ತೆಯ ಮೊಮ್ಮಗಳು ಪಲ್ಲವಿ. ಉದಗೀರದಲ್ಲಿ ಕಾಲೇಜು ಓದುತ್ತಿದ್ದ ಹುಡುಗಿ ಮನೆಯಲ್ಲಿ ಪಿಟ್ಟೆನ್ನದೆ ವಾಯುಪಡೆಯ ಪರೀಕ್ಷೆ ಬರೆದು ಪಾಸಾಗಿಬಿಟ್ಟಳು. ಇನ್ನು ಸಂದರ್ಶನಕ್ಕೆ ಹೋಗಬೇಕು, ಹೋಗಲು ಅಜ್ಜಿಯ ಹೂಂ ಬೇಕು. ಸೀದಾ ನನ್ನ ಅಂಗಡಿಗೆ ಬಂದು, ಗಿರಾಕಿಗಳ ಮುಂದೆಯೇ ಅತ್ತಳು.

"ಕಾಕಾ, ನೀವರೆ ಆಯಿಗಿ ಹೇಳ್ರಿ. ಇದೊಂದು ಹೋಯ್ತಂದ್ರ ನನ್ನ ಜಲ್ಮಾನೇ ಹೋದಂಗ."

ಅವತ್ತೇ ಅಂಗಡಿ ಮುಚ್ಚಿದೆ. ಸಾಸ್ತೂರಕ್ಕೆ ಹೋಗಿ ದೇಶ, ಧೈರ್ಯ, ಹೆಣ್ಣುಮಕ್ಕಳು ಎಂದೆಲ್ಲ ಉದ್ದನೆಯ ಭಾಷಣ ಬಿಗಿದೆ. ಅತ್ತೆ ಶೇಂಗಾ ಸುಲಿಯುತ್ತ ಎಲ್ಲ ಕೇಳಿದಳು.

"ಬಸ್ಸಿನ್ಯಾಗ ಕುಂತ್ರ ವಾಂತಿ ಮಾಡ್ಕೋತದ ಆ ಪೋರಿ. ವಿಮಾನ ಹ್ಯಾಂಗ ನಡಸ್ತದ? ಎಮ್ಮಿ ಕೊಳ್ಳಾದಿದ್ರೂ ನಾ ನೋಡೇ ಕೊಳ್ತೀನಿ. ನೋಡ್ದ ಹೂಂ ಅನ್ನಂಗಿಲ್ಲ."

ನೋಡುವುದು ತಾನೆ? ಆಗಲೇ ನನ್ನ ಬುದ್ಧಿ ಓಡಿತು. ಯುದ್ಧವಿಮಾನ ಹಾರಿಸುವ ಹೆಣ್ಣುಮಗಳೊಬ್ಬಳ ಹಿಂದಿ ಚಿತ್ರ ಅದೇ ವಾರ ಉಮರ್ಗಾಕ್ಕೆ ಬಂದಿತ್ತು. ಇಂಥ ಚಿತ್ರವೆಂದರೆ ನನಗೆ ಪ್ರಾಣ. ಅಂಗಡಿಯಲ್ಲಿ ಜಿರಳೆ ಕಂಡರೆ ಕುರ್ಚಿ ಹತ್ತುವವನು ಟಾಕೀಜಿನ ಕತ್ತಲಲ್ಲಿ ಎಷ್ಟು ಗಡಿ ಗೆದ್ದಿದ್ದೇನೋ ದೇವರಿಗೇ ಗೊತ್ತು. ಅತ್ತೆಯನ್ನೂ ಪಲ್ಲವಿಯನ್ನೂ ಕರೆದುಕೊಂಡು ಹಗಲಿನ ಆಟಕ್ಕೆ ಹೋದೆ.

ಅರ್ಧದ ತನಕ ಎಲ್ಲ ನಾನು ಅಂದುಕೊಂಡಂತೆಯೇ ನಡೆಯಿತು. ನಾಯಕಿ ಮನೆಯವರ ಜೊತೆ ಜಗಳವಾಡಿದಳು, ಕೆಸರಲ್ಲಿ ತೆವಳಿದಳು, ತನ್ನನ್ನು ನೋಡಿ ನಕ್ಕವರನ್ನು ಓಟದಲ್ಲಿ ಹಿಂದೆ ಹಾಕಿದಳು. "ನಮ್ಮ ಪೋರೀಗತೇನೇ ಮೊಂಡ ಅದ ನೋಡು" ಎಂದು ಅತ್ತೆ ಮೊಮ್ಮಗಳ ಕೈ ಹಿಡಿದುಕೊಂಡಳು. ಪಲ್ಲವಿ ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. ಕೆಲಸವಾಯಿತೆಂದು ನಾನು ಮಧ್ಯಂತರದಲ್ಲಿ ಸಮೋಸಾ ಕೊಂಡೆ.

ಆಮೇಲೆ ನಾಯಕಿ ಗಡಿ ದಾಟಿದಳು. ಕೆಳಗೆ ಶತ್ರುಗಳ ಅಡ್ಡೆ. ಅಡ್ಡೆ ಎಂದರೆ ನೋಡಲು ನಮ್ಮೂರಿನಂಥದೇ ಒಂದು ಊರು, ಮಣ್ಣಿನ ಗೋಡೆ, ಮಾಳಿಗೆ. ಅವಳು ಗುಂಡಿ ಒತ್ತಿದಳು. ಟಾಕೀಜಿನ ತುಂಬ ಸಿಳ್ಳೆ, ಅದರಲ್ಲಿ ನನ್ನದೂ ಒಂದು. ಮಾಲೀಕರು ಹೊಸದಾಗಿ ದೊಡ್ಡ ಸ್ಪೀಕರು ಹಾಕಿಸಿದ್ದರಂತೆ. ಮನೆಗಳು ಕುಸಿದ ಸದ್ದಿಗೆ ಕಾಲ ಕೆಳಗಿನ ನೆಲವೇ ಗುಂಯ್ ಎಂದು ನಡುಗಿತು.

"ಏಳ್ರೀ! ಹೊರಗ ನಡೀರಿ! ಬಾಹೇರ್ ಚಲಾ! ಕೂಸ್ಗೋಳ್ನ ಎತ್ಕೋರಿ!"

ಅತ್ತೆಯ ದನಿ ಅದು. ಯಾರೂ ಏನೆಂದು ಕೇಳಲಿಲ್ಲ. ಸಾಸ್ತೂರ, ಮಾಕಣಿ ಕಡೆಯಿಂದ ಬಂದಿದ್ದ ರುಮಾಲಿನವರು, ಸೆರಗು ಹೊದ್ದವರು, ನನ್ನ ವಾರಿಗೆಯವರು, ಎಲ್ಲರೂ ಒಟ್ಟಿಗೇ ಎದ್ದರು. ಪಕ್ಕದ ಮಕ್ಕಳು ಯಾರವೆಂದು ನೋಡದೆ ಎತ್ತಿಕೊಂಡು ಬಾಗಿಲಿಗೆ ನುಗ್ಗಿದರು. ಹುಡುಗರು ಮಾತ್ರ ಕೂತಲ್ಲೇ ಮಿಕಿಮಿಕಿ ನೋಡಿದರು. ದೇಶಭಕ್ತನಾದ ನಾನು ಅತ್ತೆಗಿಂತ ಮೊದಲೇ ಹೊರಗಿದ್ದೆ. ಚಪ್ಪಲಿ ಒಳಗೆ, ಸಮೋಸಾ ಕೈಯಲ್ಲಿ.

ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ನಾವೆಲ್ಲ ಗೋಡೆಗೂ ಕರೆಂಟ್ ಕಂಬಕ್ಕೂ ದೂರವಾಗಿ, ಮೈದಾನದ ನಟ್ಟನಡುವೆ ಬರಿಗಾಲಲ್ಲಿ ನಿಂತಿದ್ದೆವು. ಗೇಟಿನವನು "ಕಾಯ್ ಝಾಲಂ ಮಾವ್ಶಿ?" ಎಂದು, ಏನಾಯಿತೆಂದು ತಿಳಿಯದೆ, ಕಕ್ಕಾಬಿಕ್ಕಿಯಾಗಿ ಅತ್ತೆಯನ್ನು ಕೇಳಿದ. ಒಳಗಿಂದ ಇನ್ನೂ ಸಿಳ್ಳೆ ಕೇಳುತ್ತಿತ್ತು. ಕಡೆಗೆ ಮಾಕಣಿಯ ಮುದುಕರೊಬ್ಬರು, "ಅಯ್ಯ, ಭೂಕಂಪ ಅಲ್ಲರೀ ಇದು. ಪಿಚ್ಚರ್!" ಅಂದರು. ಯಾರೋ ನಕ್ಕರು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಿದ್ದ ಒಬ್ಬ ಹೆಂಗಸು ಹಾಗೇ ನೆಲಕ್ಕೆ ಕೂತು ಅಳತೊಡಗಿದಳು. ನಾಲ್ಕೈದು ಜನ ಅವಳ ಪಕ್ಕಕ್ಕೆ ಬಂದು ನಿಂತರು.

ಅತ್ತೆ ನಗಲಿಲ್ಲ. ಪಲ್ಲವಿ ನಮ್ಮ ಚಪ್ಪಲಿಗಳನ್ನು ಎತ್ತಿಕೊಂಡು ಬಂದಳು.

"ಆಯಿ, ಒಳಗ ನಡೀ. ಈಗ ಆಕಿ ಗೆಲ್ತಾಳ."

"ಆ ಬಿದ್ದ ಮನ್ಯಾಗ ಯಾರಿದ್ರು?"

"ದುಷ್ಮನ್ ಇದ್ರು ಆಯಿ."

"ದುಷ್ಮನ್ ಇದ್ರು, ಖರೆ. ಅವ್ರಿಗಿ ರೊಟ್ಟಿ ಬಡದು ಹಾಕೋರು ಯಾರಿದ್ರು?"

ಪಲ್ಲವಿ ನನ್ನ ಮುಖ ನೋಡಿದಳು. ನಾನು ಸಮೋಸಾ ನೋಡಿದೆ. ಅಲ್ಲಿಗೆ ಹುಡುಗಿಯ ಕತೆ ಮುಗಿಯಿತು ಅಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಶಾಪ ಹಾಕಿಕೊಂಡೆ.

ಮೂವರೂ ಸಾಸ್ತೂರದ ಬಸ್ಸು ಹತ್ತಿದೆವು. ಲೋಹಾರಾ ದಾಟಿದ ಮೇಲೆ ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಬಾಯಿ ತೆರೆದಳು.

"ಮಣ್ಣಾಗಿಂದ ನನ್ನ ತಗದ ಮಿಲಿಟ್ರಿಯಂವಾ ಯಾವ ಊರಂವಾ ಅಂತ ಗೊತ್ತಿಲ್ಲ ನನಗ. ನನ್ನ ಕೂಸಿಗಿ ತನ್ನ ಅಂಗಿ ಹೊಚ್ಚಿದ. ಅಳ್ತಿದ್ದ ಅಂವಾ, ಸಣ್ಣ ಹುಡುಗ. ಅವ್ನ ಅವ್ವ ಬ್ಯಾಡ ಅಂದಿದ್ರ ಅಂವಾ ಬರ್ತಿದ್ನೇನು?" ಸೆರಗಿನಿಂದ ಮೂಗೊರೆಸಿಕೊಂಡಳು. "ಹೋಗು ಪೋರಿ. ಹೋಗಿ ಬಾ."

ಪಲ್ಲವಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿದಳು. ನನಗೋ, ತಲೆಬುಡ ತಿಳಿಯಲಿಲ್ಲ. ಮೈದಾನದಲ್ಲಿ ರೊಟ್ಟಿಯ ಪ್ರಶ್ನೆ ಎತ್ತಿದವಳೂ ಇವಳೇ, ಈಗ ಹೋಗೆಂದವಳೂ ಇವಳೇ. ಆಕೆಗೆ ಖಾಕಿ, ಹಸಿರು, ನೀಲಿ ಎಲ್ಲ ಒಂದೇ, ಎಲ್ಲ ಮಿಲಿಟರಿ. ಪರದೆಯ ಮೇಲೆ ಮನೆ ಕೆಡವಿದ್ದೂ ಆ ಬಟ್ಟೆಯೇ, ಮನೆಯಡಿಯಿಂದ ತನ್ನನ್ನು ತೆಗೆದದ್ದೂ ಆ ಬಟ್ಟೆಯೇ. ಇವೆರಡನ್ನೂ ಆಕೆ ಒಂದೇ ಎದೆಯಲ್ಲಿ ಹೇಗೆ ಇಟ್ಟುಕೊಂಡಿದ್ದಾಳೆ? ತಡೆಯಲಾರದೆ ಕೇಳಿದೆ.

"ಅತ್ತಿ, ಹಂಗಾರ ಪಿಚ್ಚರ್ ಛಲೋ ಇತ್ತೋ, ಕೆಟ್ಟಿತ್ತೋ?"

"ನನಗೇನ್ ಗೊತ್ತೋ? ಅರ್ಧಾನೇ ನೋಡೀನಲ್ಲ."

ಆ ಗೊಂದಲ ನನಗಿನ್ನೂ ಹೋಗಿಲ್ಲ. ಅಂಥ ಚಿತ್ರಕ್ಕೆ ಈಗಲೂ ಹೋಗುತ್ತೇನೆ, ಸಿಳ್ಳೆಗೆಂದು ನಾಲಗೆ ಮಡಚುತ್ತೇನೆ. ಅಷ್ಟರಲ್ಲಿ ಏನೋ ಅಡ್ಡ ಬಂದು ಬರೀ ಗಾಳಿ ಹೊರಡುತ್ತದೆ.

ಹೋದ ವಾರದ ಮದುವೆಗೆ ಅತ್ತೆಯೂ ಬಂದಿದ್ದಳು, ಕೂತದ್ದು ಬಾಗಿಲ ಪಕ್ಕದಲ್ಲಿ. ನಾನು ಎದ್ದು ನಿಂತದ್ದನ್ನು ನೋಡಿ ಅವಳು ನಗುತ್ತಿರುವಾಗಲೇ ಫೋನು ಬಂತು. ವಾಯುಪಡೆಯ ತರಬೇತಿಗೆ ಸೇರಿದ್ದ ಪಲ್ಲವಿಯದು. ಡೀಜೆಯ ಗದ್ದಲಕ್ಕೆ ಇಬ್ಬರೂ ಹೊರಗೆ ಬಂದೆವು. ಅತ್ತೆಗೆ ಕಿವಿ ಮಂದ, ಹಾಗಾಗಿ ಸ್ಪೀಕರಿಗೆ ಹಾಕಿಕೊಟ್ಟೆ.

"ಆಯಿ, ಇವತ್ತ ನಾ ಒಬ್ಬಾಕೀನೇ ವಿಮಾನ ಹಾರಿಸ್ದೆ!"

"ಇಳದೀ ಹೌದಿಲ್ಲೋ?"

"ಇಳದೇ ಮಾತಾಡ್ಲಿಕತ್ತೀನಿ ಆಯಿ."

ಅತ್ತೆ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದಳು. "ಮ್ಯಾಲಿಂದ ಮನಿ ಹ್ಯಾಂಗ ಕಾಣ್ತಾವ?"

"ಭಾಳ ಸಣ್ಣ ಕಾಣ್ತಾವ. ಕಡ್ಡಿಪೆಟಗಿ ಇಟ್ಟಂಗ. ಮಂದಿ ಕಾಣಂಗೇ ಇಲ್ಲ."

"ಕಾಣದಿದ್ರೂ ಇರ್ತಾರವ್ವಾ, ಒಳಗ."

ಲೈನು ಹೋಯಿತೇನೋ ಎಂದು ನಾನು ಬಗ್ಗಿ ನೋಡಿದೆ. ಆಮೇಲೆ ಹುಡುಗಿಯ ದನಿ ಮೆಲ್ಲಗೆ, "ಹೂಂ ಆಯಿ" ಅಂದಿತು.

"ಶಾಬಾಸ್ ಪೋರಿ" ಅಂದಳು ಅತ್ತೆ. ಫೋನು ನನ್ನ ಕೈಗೆ ಕೊಟ್ಟು, ಒಳಗೆ ಊಟಕ್ಕೆ ಕರೆಯುತ್ತಿದ್ದಾರೆಂದು ಹೊರಟಳು. ನನಗೆ ಹೆಮ್ಮೆಯೋ ಹೆದರಿಕೆಯೋ ತಿಳಿಯಲಿಲ್ಲ. "ಕಾಕಾ? ಕಾಕಾ, ಅದೀರೇನ್ರಿ?" ಎಂದು ಹುಡುಗಿ ಕೇಳುತ್ತಲೇ ಇದ್ದಳು, ನಾನು ಫೋನು ಹಿಡಿದುಕೊಂಡು ಬಯಲಲ್ಲಿ ನಿಂತು ಅಳುತ್ತಿದ್ದೆ.