ಅಳಿಯನ ಕತ್ತು, ಎತ್ತಿನ ಹೆಗಲು

ನನ್ನ ಕತ್ತು ನೆಟ್ಟಗೆ ಉಳಿದದ್ದು ಅರ್ಧ ರಾಯಚೂರಿನ ಡಾಕ್ಟರರಿಂದ, ಅರ್ಧ ಮಸ್ಕಿಯ ಎರಡು ಎತ್ತುಗಳಿಂದ. ಇದನ್ನು ಒಪ್ಪಿಕೊಳ್ಳಲು ಈಗಲೂ ಸ್ವಲ್ಪ ಸಂಕೋಚವೇ.

ಆಗ ನಾನು ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ನಿಜಾಮರ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿತ್ತು, ಉರ್ದು ದಫ್ತರಗಳನ್ನು ಕೆಳಗಿಳಿಸಿ ಕನ್ನಡಕ್ಕೆ ತರುವ ಕೆಲಸ ನಡೆದಿತ್ತು. ಸರ್ಕಾರ ಹೋದರೂ ಅದರ ಭಾರ ಹೋಗಿರಲಿಲ್ಲ; ಅಟ್ಟದ ಮೇಲಿನ ಒಂದು ದಫ್ತರದ ಗಂಟು ಸೀದಾ ನನ್ನ ಕತ್ತಿನ ಮೇಲೆ ಬಿದ್ದು ಎಲುಬು ಬಿರಿಯಿತು. ರಾಯಚೂರಿನ ಡಾಕ್ಟರರು ಗಲ್ಲದಿಂದ ಎದೆಯವರೆಗೆ ಗಟ್ಟಿ ತೊಗಲಿನ ಪಟ್ಟಿ ಬಿಗಿದು, ಆರು ವಾರ ಎಂದರು. ದಿನಕ್ಕೆರಡು ಸಲ ಅಂಗಾತ ಮಲಗಿ, ಬೇರೆಯವರಿಂದ ಪಟ್ಟಿ ಬಿಚ್ಚಿಸಿ ಚರ್ಮ ನೋಡಿಸಿಕೊಳ್ಳಬೇಕು, ಒಳಗೆ ಏನನ್ನೂ ತುರುಕಬಾರದು. ಹುಣ್ಣಾದರೆ ಪಟ್ಟಿ ತೆಗೆಯಬೇಕಾಗುತ್ತದೆ, ತೆಗೆದರೆ ಕತ್ತು ಸೊಟ್ಟಗೇ ಕೂಡುತ್ತದೆ ಎಂದೂ ಎಚ್ಚರಿಸಿದರು. ಆಗಲಿ ಎಂದು ತಲೆಯಾಡಿಸಲು ಹೋದೆ, ಆಗಲಿಲ್ಲ.

ಆರೈಕೆಗೆಂದು ಮಸ್ಕಿಯ ಮಾವನವರ ಮನೆ ಸೇರಿದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೊಸ ಅಳಿಯ ನಡುಮನೆಯಲ್ಲಿ ಅಂಗಾತ ಬಿದ್ದುಕೊಂಡು ಕತ್ತು ತೋರಿಸುವುದೆಂದರೇನು? ಬಿಚ್ಚಲೇನೆಂದು ಹೆಂಡತಿ ಗೌರಮ್ಮ ಕೇಳಿದಾಗಲೆಲ್ಲ ಏನೂ ಆಗಿಲ್ಲವೆಂದು ಜಂಬ ಕೊಚ್ಚಿದೆ. ಇನ್ನೊಂದು ಗುಟ್ಟೂ ಇತ್ತು. ಹತ್ತು ವರ್ಷ ಬಗ್ಗಿ ಸಲಾಂ ಹಾಕಿದ ಕತ್ತು ಈಗ ಯಾರಿಗೂ ಬಗ್ಗದೆ ನಿಂತಿತ್ತು. ಓಣಿಯ ಜನ ನನಗೆ ಬಡ್ತಿಯಾಗಿದೆಯೆಂದು ತಿಳಿದು ಎದ್ದು ನಿಲ್ಲುತ್ತಿದ್ದರು. ಅದು ನನಗೆ ಬಹಳ ಹಿಡಿಸಿತು.

ನಾಲ್ಕನೆಯ ದಿನ ಎದೆಯೆಲುಬಿನ ಹತ್ತಿರ ಉರಿ ಹತ್ತಿತು. ಹೆಂಡತಿಯ ಹಳೆಯ ಸೀರೆಯ ತುಂಡೊಂದನ್ನು ಮಡಿಸಿ ಒಳಗೆ ತುರುಕಿದೆ. ಪಟ್ಟಿ ಇನ್ನೂ ಬಿಗಿಯಾಯಿತು, ಉರಿ ಹೆಚ್ಚಾಯಿತು. ನನ್ನ ಜಾಣತನ ನೋಡಿ, ಇನ್ನೊಂದು ತುಂಡು ತುರುಕಿದೆ.

ಮಾವ ಶರಣಪ್ಪನವರು ದಿನಾ ಸಂಜೆ ನೊಗ ಇಳಿಸಿದೊಡನೆ ಕಾಲು ತೊಳೆಯುವ ಮೊದಲೇ ಎತ್ತಿನ ಹೆಗಲು ನೋಡುತ್ತಿದ್ದರು. ಕೂದಲು ಸರಿಸಿ, ಹೆಬ್ಬೆರಳಿನಿಂದ ಒತ್ತಿ, ಮೂಗು ಹತ್ತಿರ ತಂದು ಮೂಸುವರು. ಆ ಸಂಜೆ ಎರಡನೆಯ ಎತ್ತನ್ನು ಮುಗಿಸಿ, ಕಟ್ಟೆಯ ಮೇಲೆ ಕೂತಿದ್ದ ನನ್ನ ಮುಂದೆ ಬಂದು ನಿಂತರು. ಅಳಿಯನ ಕತ್ತಿಗೆ ಕೈ ಹಾಕುವ ಪದ್ಧತಿ ಯಾವ ಮನೆಯಲ್ಲಿದೆ?

"ಅಳಿಯಾರ, ಸಿಟ್ಟಾಗಬ್ಯಾಡ್ರಿ. ಅಂಗಾತ ಮಲಗ್ರಿ" ಎಂದರು.

ಗೌರಮ್ಮ ನನ್ನ ತಲೆಯನ್ನು ಅಲುಗದಂತೆ ಹಿಡಿದಳು. ಪಟ್ಟಿ ಬಿಚ್ಚಿದಾಗ ಸೀರೆಯ ತುಂಡುಗಳು ಹೊರಬಿದ್ದವು, ಅವಳು ನೋಡಿದ ನೋಟದ ಮಾತು ಬೇಡ. ಮಾವನವರು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದರೆ ಬೆಳ್ಳಗಾಗಬೇಕಿದ್ದ ಕೆಂಪು ಮಾಸಲಿಲ್ಲ, ಹುಣ್ಣಿಗೆ ಅದೇ ಮುನ್ಸೂಚನೆ. ನನಗೆ ನಿಜವಾಗಿಯೂ ಭಯವಾಯಿತು. ಊರಿನ ಡಾಕ್ಟರರನ್ನು ಕರೆಸಿದರು. ಅವರು ಪಟ್ಟಿಯ ಒತ್ತುತ್ತಿದ್ದ ಅಂಚು ಕತ್ತರಿಸಿ ಹದವಾಗಿ ಕಟ್ಟಿ, ಇನ್ನೊಂದು ದಿನ ಬಿಟ್ಟಿದ್ದರೆ ಚರ್ಮ ಒಡೆಯುತ್ತಿತ್ತು ಎಂದರು.

ಮಾವನವರು ನನ್ನನ್ನು ಬೈಯಲಿಲ್ಲ. "ಎತ್ತಿಗೆ ಬಾಯಿಲ್ಲ ಅಂತ ನಾವ ನೋಡ್ತೀವಿ. ನಿಮಗ ಬಾಯಿ ಅದ ಅಂತ ಸುಮ್ನಿದ್ದಿವಿ, ನಮ್ದ ತಪ್ಪಾತು" ಎಂದಷ್ಟೇ ಅಂದರು.

ಅಂದಿನಿಂದ ಸಂಜೆ ಎತ್ತುಗಳ ಸಾಲಿನಲ್ಲಿ ನಾನು ಮೂರನೆಯವನು. ಆರು ವಾರಕ್ಕೆ ಕತ್ತು ನೆಟ್ಟಗಾಯಿತು, ಕಚೇರಿಯಲ್ಲಿ ಮತ್ತೆ ಬಗ್ಗತೊಡಗಿತು.

ಮರುವರ್ಷ ಮಾವನವರಿಗೆ ಕನ್ನಡಕ ಬಂತು. ಹೇಗಿದೆಯೆಂದು ಕೇಳಿದರೆ, ಏನೂ ತ್ರಾಸಿಲ್ಲ ಬಿಡ್ರಿ ಎಂದರು. ನಾನು ಕೈ ಚಾಚಿ ಕನ್ನಡಕ ತೆಗೆದೆ. ಮೂಗಿನ ಎರಡೂ ಬದಿಗೆ ಕೆಂಪು ಕುಳಿ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದೆ. ಮಾವನವರು ಎತ್ತಿನ ಹಾಗೆ ಸುಮ್ಮನೆ ನಿಂತಿದ್ದರು.